ಕೊಲೋಸಿಯಂನಲ್ಲಿ ಕೂತ ಪಟ್ಟದ ಗೊಂಬೆ

ದಕ್ಷಿಣ ಗೋಳಾರ್ಧದ ನಮ್ಮ ಊರು ಲೋವರ್ ಹಟ್‌ನಲ್ಲಿ ಶರನ್ನವರಾತ್ರಿ ಬರುವುದು ವಸಂತದಲ್ಲಿ. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಇದನ್ನು ಈ ದೇಶದವರ ಅಶಿಸ್ತು ಎಂದೇ ತಿಳಿದಿದ್ದರು. ಗೊಂಬೆ ಕೂರಿಸಲು ಮೆಟ್ಟಿಲು ಹುಡುಕುತ್ತಿದ್ದ ಅವರ ಕಣ್ಣಿಗೆ ಬಿದ್ದದ್ದು ನನ್ನ ಮಗಳು ಶಾಲೆಗೆಂದು ರಟ್ಟಿನಲ್ಲಿ ಕಟ್ಟಿದ್ದ ರೋಮಿನ ಕೊಲೋಸಿಯಂ. ಸುತ್ತ ಮೆಟ್ಟಿಲು, ನಡುವೆ ಮರಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಚಕ್ರವರ್ತಿಯ ಪೀಠದಲ್ಲಿ ನನ್ನ ಮದುವೆಯ ಪಟ್ಟದ ಗೊಂಬೆಗಳು, ರಾಜ ರಾಣಿ, ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಸಿಂಹ ಕಾದಾಡಬೇಕಿದ್ದ ಮರಳಿನಲ್ಲಿ ಶೆಟ್ಟರ ಗೊಂಬೆ ದಿನಸಿ ಅಂಗಡಿ ಇಟ್ಟಿತ್ತು.

ಮಗಳು ಅಳುವುದೊಂದು ಬಾಕಿ. ಗುರುವಾರ ಅದನ್ನು ಶಾಲೆಗೆ ಒಯ್ಯಬೇಕು. ಇತಿಹಾಸ ತಪ್ಪಿದರೆ ಅಂಕ ಹೋಗುತ್ತದೆ. ಆದರೆ ಒಮ್ಮೆ ಕೂರಿಸಿದ ಪಟ್ಟದ ಗೊಂಬೆಯನ್ನು ವಿಜಯದಶಮಿಯವರೆಗೆ ಪೀಠದಿಂದ ಎಬ್ಬಿಸುವ ಹಾಗಿಲ್ಲ. ನನ್ನ ಗಂಡ ಎಂದಿನಂತೆ ಹಿಂಬದಿ ತೆರೆದ ನಮ್ಮ ಯೂಟ್ ಗಾಡಿ ತೊಳೆಯಲು ಹೊರಗೆ ಹೋದರು.

ರಾಜಿ ಮಾಡಿಸಲೆಂದು ಮಗಳಿಂದ ಅಜ್ಜಿಗೆ ರೋಮಿನ ಕಥೆ ಹೇಳಿಸಿದೆ. ಅವಳ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ದೊರೆಗಳು ಜನರಿಗೆ ಪುಕ್ಕಟೆ ಕಾಳಗ ತೋರಿಸಿದ್ದು, ಮುಂದಿನ ಸಾಲಲ್ಲಿ ದೊಡ್ಡವರು ಕೂತದ್ದು, ಹೆಂಗಸರಿಗೆ ತೀರಾ ಮೇಲಿನ ಸಾಲು ಕೊಟ್ಟದ್ದು, ಕಾಳಗ ನಿಂತ ಮೇಲೆ ಜನ ಅಲ್ಲೇ ಮನೆ, ಅಂಗಡಿ ಹೂಡಿದ್ದು. ಅಂಗಡಿ ಎಂದಕೂಡಲೇ ಅತ್ತೆ ಶೆಟ್ಟರನ್ನು ತೋರಿಸಿ ಗೆದ್ದವರ ಹಾಗೆ ನಕ್ಕರು. ಹೆಂಗಸರ ವಿಷಯ ಮಾತ್ರ ಅವರಿಗೆ ಸೇರಲಿಲ್ಲ. ಇತಿಹಾಸಕ್ಕೆ ಹೊಂದಲೆಂದು ರಾಣಿಯನ್ನಷ್ಟೇ ಮೇಲಿನ ಸಾಲಿಗೆ ಕಳಿಸೋಣವೇ ಎಂದೆ. ಅವರು ರಾಣಿಯ ಹಣೆಗೆ ಇನ್ನಷ್ಟು ಕುಂಕುಮ ಹಚ್ಚಿದರು.

"ಪೀಠದಿಂದ ಎಬ್ಬಿಸಬಾರದು ಅಷ್ಟೆ ಕಣಮ್ಮ," ಎಂದರು ಕೊನೆಗೆ. "ಪೀಠದ ಸಮೇತ ಹೊರಟ್ರೆ ಅದು ಜಂಬೂಸವಾರಿ. ಇಲ್ಲಿ ಹಬ್ಬಾನೇ ವಸಂತಕ್ಕೆ ಬರತ್ತೆ, ಸವಾರಿ ಸ್ವಲ್ಪ ಮುಂಚೆ ಹೊರಟ್ರೆ ಏನಾಯ್ತು?"

ಗುರುವಾರ ಯೂಟ್‌ನಲ್ಲಿ ಸವಾರಿ ಹೊರಟಿತು. ಗಾಳಿಗೆ ಹೆದರಿ ಕೊಲೋಸಿಯಂ ಹಿಂಬದಿ ಬಿಟ್ಟು, ಮುಂದೆ ಕೂತ ಅತ್ತೆಯ ತೊಡೆ ಏರಿತ್ತು. ಗಂಡ ಆನೆಯ ನಡಿಗೆಯಲ್ಲಿ ಓಡಿಸಿದ್ದಕ್ಕೆ ಹಿಂದಿನ ಕಾರುಗಳೆಲ್ಲ ಸಾಲುಗಟ್ಟಿ, ಕೇಳದೆಯೇ ಮೆರವಣಿಗೆಯೂ ಆಯಿತು.

ಶೆಟ್ಟರ ಅಂಗಡಿಯನ್ನು ಟೀಚರ್ ಒಪ್ಪಿ ಮೆಚ್ಚಿದರು. ಆಮೇಲೆ ರಾಣಿಯ ಮುಂದೆ ನಿಂತು, ಹೆಂಗಸರು ಕೂರುತ್ತಿದ್ದದ್ದು ಮೇಲಿನ ಸಾಲಲ್ಲವೇ ಎಂದರು. ಮಗಳು ಅಜ್ಜಿಯ ಕಡೆ ನೋಡಿದಳು. ಒಂದಕ್ಷರ ಇಂಗ್ಲಿಷ್ ಬಾರದ ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದರು.

"ಗೊತ್ತು," ಎಂದಳು ಮಗಳು, ತನ್ನ ಇಂಗ್ಲಿಷಿನಲ್ಲೇ. "ಬೇಕಾದ್ರೆ ಅಂಕ ಕಳೀರಿ. ಅವಳು ಅಲ್ಲಿಂದ ಏಳಲ್ಲ."