ನೀರಿಗಿಂತ ಮೊದಲು ಮಡ್ಡಿ ಹತ್ತಿದ ಮಳೆಗಾಲ

ಆಗ ನಮಗೆ ಮಳೆಗಾಲವೆಂದರೆ ಓಟದ ಕಾಲ. ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ನಮ್ಮಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದಲ್ಲಿ ಸುರಿದರೆ ಸಾಕು, ಕೃಷ್ಣೆ ಕೆಂಪಾಗಿ ಉಬ್ಬುತ್ತಿದ್ದಳು. ನಾನು ಆರನೇ ಇಯತ್ತೆಯಲ್ಲಿದ್ದಾಗ ಸಾಲೆಯ ಅಕ್ಕೋರು ಹೊಸ ಆಟ ಕಲಿಸಿದರು. ಗಂಟೆ ಬಾರಿಸಿದ ಕೂಡಲೇ ಒಬ್ಬೊಬ್ಬರು ತಮಗೆ ವಹಿಸಿದ ಮನೆಗೆ ಓಡಬೇಕು, ದನ ಬಿಚ್ಚಿಸಬೇಕು, ನಡೆಯಲಾರದವರ ಕೈಹಿಡಿದು ಊರ ಹಿಂದಿನ ಎತ್ತರದ ಮಡ್ಡಿಗೆ ಕರೆತರಬೇಕು.

ನನಗೆ ಸಿಕ್ಕವಳು ಗಂಗವ್ವಾಯಿ, ಕಣ್ಣು ಕಾಣದ ಮುದುಕಿ. ನನಗಿಂತ ಅವಳಿಗೇ ಹುರುಪು ಹೆಚ್ಚು. ಗಂಟೆ ಕೇಳಿದರೆ ಸೀರೆ ಎತ್ತಿ ಕಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಹೊಸ್ತಿಲ ಮೇಲೆ ತಯಾರಾಗಿ ನಿಂತಿರುತ್ತಿದ್ದಳು. ಕಬ್ಬಿನ ಹೊಲದ ಬದುವಿನ ಮೇಲೆ ನನ್ನನ್ನೇ ದೂಡುತ್ತ, “ಲಗೂ ನಡಿಯವ್ವ, ಕಡಿ ಓಣಿಯವ್ರು ಮುಂದ ಹೋದ್ರ ನಾ ಉಣ್ಣಂಗಿಲ್ಲ” ಎನ್ನುವಳು.

ನಮ್ಮ ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. ನೀರು ಇನ್ನೂ ಹೊಳೆಯಲ್ಲೇ ಇದೆ, ಇವರಾಗಲೇ ಮಡ್ಡಿ ಹತ್ತಿದರು ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಗಂಟೆ ಮೊಳಗಿತು, ನಿಲ್ಲಲೇ ಇಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದು ಅಕ್ಕೋರು ಕೂಗಿ ಹೇಳಿದರು. ನಾನು ಓಡಿಹೋಗಿ ಹೊಸ್ತಿಲ ಮೇಲಿದ್ದ ಗಂಗವ್ವಾಯಿಯ ಕೈ ಹಿಡಿದು ಹೊರಟೆ. ದೊಡ್ಡಪ್ಪ ಟ್ರ್ಯಾಕ್ಟರಿನಲ್ಲಿ ಮನೆಮಂದಿಯನ್ನು ತುಂಬಿಕೊಂಡು ಡಾಂಬರು ರಸ್ತೆ ಹಿಡಿದವನು ಅರ್ಧ ದಾರಿಯಿಂದ ತಿರುಗಿ ಬಂದ. ಹಳ್ಳ ತುಂಬಿ ರಸ್ತೆಯೇ ಮುಳುಗಿತ್ತು. ಎಲ್ಲರನ್ನೂ ಕೆಳಗಿಳಿಸಿ, ಎತ್ತ ಹೋಗುವುದೆಂದು ನನ್ನನ್ನು ಕೇಳಿದ.

ಉತ್ತರ ಕೊಟ್ಟವಳು ಗಂಗವ್ವಾಯಿ. “ನಮ್ಮ ಬೆನ್ನ ಹಿಂದ ಬಾ. ನಂಗ ಕಣ್ಣ ಕಾಣೂದಿಲ್ಲ, ದಾರಿ ಗೊತ್ತೈತಿ.”

ಬದುವಿನ ಮೇಲೆ ಆಗಲೇ ಪಾದ ಮುಳುಗುವಷ್ಟು ನೀರು. ರಾಡಿಯ ವಾಸನೆ, ಎಮ್ಮೆಗಳ ಕೂಗು. ನನ್ನ ಎದೆ ಡವಗುಟ್ಟುತ್ತಿತ್ತು, ಆದರೆ ಅಂಜಿಕೆಯಿಂದಲ್ಲ. ಆಟ ಖರೆ ಆಗಿತ್ತು, ನಾವು ಗೆಲ್ಲುತ್ತಿದ್ದೆವು! ಮಡ್ಡಿಯ ಮೇಲೆ ಅಕ್ಕೋರು ಮನೆಮನೆಯ ಹೆಸರು ಕರೆದರು. ಎಲ್ಲರೂ ಓಗೊಟ್ಟರು. ಕೊನೆಯ ಮನೆಯವರೂ ಓಗೊಟ್ಟ ಮೇಲೆ ಅವರು ಅಲ್ಲೇ ಕುಸಿದು ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಗಂಟು ಬಿಚ್ಚಿ ರೊಟ್ಟಿ ಹಂಚಿಕೊಳ್ಳುವಾಗ ಕೆಳಗೆ ಧೊಪ್ಪೆಂದು ಸದ್ದಾಯಿತು. ಏನೆಂದು ಗಂಗವ್ವಾಯಿ ಕೇಳಿದಳು. ನಿನ್ನ ಮನೆಯ ಗೋಡೆ ಎಂದೆ.

“ಒಳಗ ಯಾರಿಲ್ಲಲ್ಲ, ಬೀಳ್ಲಿ” ಎಂದು ಇನ್ನೊಂದು ತುತ್ತು ಮುರಿದಳು.

ಮುಂದೆ ಊರು ಎತ್ತರದ ಪ್ಲಾಟುಗಳಿಗೆ ಸರಿಯಿತು, ಅಕ್ಕೋರಿಗೆ ವರ್ಗವಾಯಿತು, ಆ ಓಟ ನಿಂತಿತು. ನಾನೀಗ ರಬಕವಿಯಲ್ಲಿ, ಮಗ್ಗಗಳ ಸದ್ದಿನ ನಡುವೆ ಇದ್ದೇನೆ. ಮೊನ್ನೆ ಮೊಬೈಲಿಗೆ ನೆರೆಯ ಎಚ್ಚರಿಕೆ ಬಂತು. ಸುದ್ದಿ ಈಗ ಎಷ್ಟು ಬೇಗ ಮುಟ್ಟುತ್ತದೆ! ಆದರೆ ಪಕ್ಕದ ಮನೆಯಲ್ಲಿ ನಡೆಯಲಾರದವರು ಯಾರಾದರೂ ಇದ್ದಾರೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ಇಡೀ ಊರಿನ ಮನೆಮನೆಯ ಲೆಕ್ಕ ಬಾಯಿಪಾಠವಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವರ ಬಾಗಿಲು ಬಡಿದೆ.