ಗಂಜಿಯನ್ನು ನಂಬಿದ ಬಿಲ್ಲೆ

ಗಂಜಿ ಹಾಕಿ ಅಂಗಿಯ ಕಾಲರನ್ನು ನಿಲ್ಲಿಸಬಹುದು, ಸುಟ್ಟ ಮಣ್ಣನ್ನಲ್ಲ. ಇಷ್ಟು ತಿಳಿಯಲು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಒಂದಿಡೀ ಬೇಸಿಗೆ ಬೇಕಾಯಿತು.

ಬ್ರಹ್ಮಾವರದ ಆಚೆ ಮಡಕೆ ಮಾಡುವ ಗುಲಾಬಿಯವರ ಬಾವಿಯ ನೀರಿನಲ್ಲಿ ಬರೀ ತುಕ್ಕು. ಬಿಳಿ ಬಟ್ಟೆ ಕೆಂಪಾಗುತ್ತಿತ್ತು, ಚಾ ಶಾಯಿಯಂತೆ ಕಪ್ಪಾಗುತ್ತಿತ್ತು. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಬಿಲ್ಲೆ ಮಾಡಿ ಸುಟ್ಟರೆ, ಹೊಟ್ಟು ಉರಿದುಹೋದಲ್ಲಿ ಸಣ್ಣ ತೂತುಗಳು ಉಳಿದು ನೀರು ಸೋಸಿ ಇಳಿಯುತ್ತದೆ ಎಂದು ನಾನೇ ಆಸೆ ಹುಟ್ಟಿಸಿದೆ. ತೂತು ಹೆಚ್ಚಿದಷ್ಟೂ ಬಿಲ್ಲೆ ದುರ್ಬಲ. ಅದಕ್ಕೆ ಅಂಟಾಗಿ ಗಂಜಿ ಬೆರೆಸಿದೆ. ಒಣಗಿದ ಬಿಲ್ಲೆಯ ಮೇಲೆ ಹತ್ತಿ ನಿಂತೆ, ಮುರಿಯಲಿಲ್ಲ. ಅಲ್ಲೇ ಬೀಗಿಬಿಟ್ಟೆ.

ಮಳೆಗೆ ಮೊದಲು ಮಡಕೆ ಸುಡುವ ಆವೆಗೆ ಎರಡೇ ಸಲ ಬೆಂಕಿ ಹಾಕುವುದಿತ್ತು. ಗುಲಾಬಿ ತಮ್ಮ ಮಡಕೆಗಳನ್ನು ಸರಿಸಿ ನನಗೊಂದು ಮೂಲೆ ಕೊಟ್ಟರು. ಮೊದಲನೆಯದನ್ನು ಬಿಚ್ಚಿದಾಗ ಬಿಲ್ಲೆಗಳು ಬಿಸ್ಕತ್ತಿನಂತೆ ಕೈಯಲ್ಲೇ ಮುರಿದವು. ಅವರು ಒಂದು ಚೂರನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಮಡಕೆಯ ಸದ್ದು ಪರೀಕ್ಷಿಸುವಂತೆ ಕಿವಿ ಕೊಟ್ಟರು.

"ಹ್ವಾಯ್ ಮಾಷ್ಟ್ರೇ, ಹೊಟ್ಟ್ ಸುಟ್ಟ್ ಹೋತ್ತ್ ಅಂದ್ರಿ. ಗಂಜಿ ಎಂತ, ಬೆಂಕಿಗೆ ಹೆದ್ರುದಿಲ್ಯಾ?"

ಸುಡದ ಬಿಲ್ಲೆಯ ಗಟ್ಟಿತನವನ್ನು ನಾನು ಸುಟ್ಟ ಬಿಲ್ಲೆಯ ಲೆಕ್ಕಕ್ಕೆ ಹಿಡಿದಿದ್ದೆ. ಗಂಜಿಯೂ ಉರಿದು, ಇನ್ನಷ್ಟು ತೂತುಗಳನ್ನು ಬಿಟ್ಟು ಹೋಗಿತ್ತು.

ಕೊನೆಯ ಆವೆಗೆ ಗಾಜಿನ ಪುಡಿ ಬೆರೆಸಿದೆವು. ಗಾಜು ಉರಿಯದೆ ಮೆತ್ತಗಾಗಿ, ಮಣ್ಣಿನ ಕಣಗಳನ್ನು ಕಚ್ಚಿ ಹಿಡಿಯಿತು. ಗುಲಾಬಿ ಕುಟ್ಟಿದಾಗ ಬಿಲ್ಲೆ ಠಣ್ ಎಂದಿತು.

ಗಾಜು ನನಗೇ ಹೊಳೆದದ್ದೆಂದು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಹೊಳೆದ ಕ್ಷಣ, ಆಗ ಬೀಸಿದ ಗಾಳಿ ಕೂಡ ನೆನಪಿದೆ. ಮೊನ್ನೆ ಹಳೆಯ ಡೈರಿ ತೆರೆದರೆ ನನ್ನದೇ ಅಕ್ಷರ: 'ಒಮ್ಮೆ ಆವೆಗೆ ಬಿದ್ದ ಬಳೆ ಮಡಕೆಗೆ ಅಂಟಿ, ಕಿತ್ತರೂ ಬರಲಿಲ್ಲವಂತೆ. ಗುಲಾಬಿ ಹೇಳಿದ್ದು.' ಬಣ್ಣದ ಬಳೆ ಕುಡಿಯುವ ನೀರಿಗೆ ಬೇಡವೆಂದು ಸೋಡಾ ಬಾಟಲಿ ಅರೆದದ್ದಷ್ಟೇ ನನ್ನ ಪಾಲು. ಹಾಗಾದರೆ ಆ ಗಾಳಿ ಎಲ್ಲಿಂದ ಬಂತು?

ತಪ್ಪೊಪ್ಪಿಕೊಳ್ಳಲು ಅವರ ಮನೆಗೇ ಹೋದೆ. ಪೂರ್ತಿ ಕೇಳಿಸಿಕೊಂಡು ಗುಲಾಬಿ ಎಂದರು, "ಬಳಿಯಾ? ನಂಗ್ ನೆನಪಿಲ್ಲೆ ಮಾರಾಯ್ರೆ. ನೀವೇ ಹೇಳಿದ್ದ್ ಆಯ್ಕ್. ಯಾರ್ ಹೇಳಿರೆಂತ, ಚಾ ತಣೀತ್ತ್."

ಚಾ ಕಪ್ಪಗಿರಲಿಲ್ಲ. ಮೂಲೆಯಲ್ಲಿ ಆ ಬಿಲ್ಲೆ ಇನ್ನೂ ಹನಿ ಹನಿಯಾಗಿ ಸೋಸುತ್ತಿತ್ತು.

ಮನೆಗೆ ಬಂದು ಡೈರಿಯಲ್ಲಿ ಅವರ ಹೆಸರಿನ ಕೆಳಗೆ ಶಾಯಿಯಲ್ಲಿ ಗೆರೆ ಎಳೆದೆ. ಇನ್ನು ಹತ್ತು ವರ್ಷಕ್ಕೆ, ಅದನ್ನು ಎಳೆದವರು ಯಾರೆಂದು ನಾನೇ ಅನುಮಾನಪಡುವುದು ಖಂಡಿತ.