ಸಾಲಿನಲ್ಲಿ ನಾಲ್ಕನೆಯ ಗಾಡಿ

ಮೆಕ್ಯಾನಿಕ್ ಚಲಪತಿಯ ಹೆಸರು ಕೆಡಿಸಿದವಳು ನಾನೇ. ಬೇರೆ ಯಾರೂ ಅಲ್ಲ — ಶ್ರೀನಿವಾಸಪುರದ ಸುತ್ತಮುತ್ತ ಮದುವೆ ಅಡುಗೆಗೆ ಕರೆಯುತ್ತಾರಲ್ಲ, ಆ ರತ್ನಮ್ಮ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅವನದೇ ಶೆಡ್ಡಿನ ಮುಂದಿನ ಬೇವಿನ ಮರದ ನೆರಳಿನಲ್ಲಿ ಕೂತು, ಎಲೆ ಅಡಿಕೆ ಜಗಿಯುತ್ತಾ, ಅವನ ಮೇಲೆ ಒಂದು ಸುಳ್ಳು ಹೇಳಿದೆ. ನಗುನಗುತ್ತಲೇ ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು, ಲೆಕ್ಕ ಹಾಕಿ ಆಡಿದ್ದು.

ನಮ್ಮ ಗಾಡಿಯ ವಿಷಯ ಮೊದಲು ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದು ತಿಳಿಯುವುದಿಲ್ಲ. ಹಳೆಯ ಡೀಸೆಲ್ ವ್ಯಾನು. ನಮ್ಮೆಜಮಾನರು ನಂಜುಂಡಪ್ಪ ಅದನ್ನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ನಾವು ಅದನ್ನು ಅಜ್ಜಿ ಎನ್ನುತ್ತೇವೆ. ಕೊಪ್ಪರಿಗೆ, ಒಲೆ, ಜಾಲರಿ, ಸೌಟು, ನಾಲ್ಕು ಜನ ಅಡುಗೆಯವರು, ಅವರ ಮೇಲೆ ತರಕಾರಿ ಮೂಟೆ — ಎಲ್ಲ ಅಜ್ಜಿಯ ಹೊಟ್ಟೆಯಲ್ಲೇ. ಆಳು ಬರದಿದ್ದರೆ ನಾನೇ ಕಾಯಿ ತುರಿದೇನು. ಅಜ್ಜಿ ಕೈಕೊಟ್ಟರೆ ಮದುವೆ ಮನೆಯಲ್ಲಿ ಎಲೆ ಹಾಕಿ ಜನ ಕೂತೇ ಇರಬೇಕಾಗುತ್ತದೆ. ಅಡುಗೆಯವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಒಂದು ಚಳಿಗಾಲ ಅಜ್ಜಿ ಬೆಳಿಗ್ಗೆ ಏಳುವುದನ್ನೇ ಬಿಟ್ಟಳು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸಾಯುತ್ತಿತ್ತು. ಕೋಲಾರದಲ್ಲಿ ಒಬ್ಬ ಬಾನೆಟ್ ಎತ್ತುವ ಮೊದಲೇ ಇಂಜಿನ್ ಇಳಿಸಬೇಕು ಎಂದ. ಮಾಲೂರಿನಲ್ಲಿ ಇನ್ನೊಬ್ಬ ಎಂಟು ದಿನ ಇಟ್ಟುಕೊಂಡು, ಹಳೇ ಕಾಯಿಲೆಯ ಜೊತೆಗೆ ಹೊಸದೊಂದು ಕಿರ್ರ್ ಸದ್ದನ್ನೂ ಸೇರಿಸಿ ಕಳಿಸಿದ. ಡೀಸೆಲ್ ಪಂಪೇ ಹೋಗಿದೆ ಎಂದವನೊಬ್ಬ, ಗಾಡೀನೇ ಮಾರಿಬಿಡಿ ಅಮ್ಮಾ ಎಂದವನೊಬ್ಬ. ಆ ಕೊನೆಯವನಿಗೆ ನಾನು ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಸಿಕ್ಕಿದ್ದು ಚಲಪತಿ. ರಾಯಲ್ಪಾಡಿನ ಕಡೆಯವನು. ಊರ ಹೊರಗೆ ಆ ರಸ್ತೆಯಲ್ಲೇ ತಗಡಿನ ಶೆಡ್ಡು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಮಾತು. ಅವನು ಗಾಡಿ ಮುಟ್ಟಲೇ ಇಲ್ಲ, ಮೊದಲು ನನ್ನನ್ನು ಪ್ರಶ್ನೆ ಕೇಳಿದ. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸುತ್ತೀರೋ ಸಮದಲ್ಲೋ, ಮೂತಿ ಮೇಲೋ ಕೆಳಗೋ, ಮಧ್ಯಾಹ್ನ ಸಲೀಸಾಗಿ ಸ್ಟಾರ್ಟ್ ಆಗುತ್ತದೋ ಇಲ್ಲವೋ. ಡಾಕ್ಟರು ಕೂಡ ನನ್ನನ್ನು ಅಷ್ಟು ಕೇಳಿಲ್ಲ! ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಕೊನೆಗೆ ಡೀಸೆಲ್ ಬರುವ ಒಂದು ಗೇಣುದ್ದದ ರಬ್ಬರ್ ಪೈಪನ್ನು ಕಿತ್ತು ತೋರಿಸಿದ. ಕೂದಲೆಳೆಯಷ್ಟು ಸೀಳು. ರಾತ್ರಿಯೆಲ್ಲ ಅದರಲ್ಲಿ ಗಾಳಿ ಸೇರಿಕೊಳ್ಳುತ್ತಿತ್ತಂತೆ, ಅಷ್ಟೇ. ಪೈಪು ಬದಲಾಯಿಸಿ, ಹಳೆಯದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ. ತೆಗೆದ ಸಾಮಾನು ಏನೇ ಇರಲಿ, ಗಾಡಿಯವರ ಕೈಗೇ ಕೊಡಬೇಕು — ಅದು ಅವನ ಪದ್ಧತಿ.

ಮಾರನೆಯ ಬೆಳಿಗ್ಗೆ ಅಜ್ಜಿ ಒಂದೇ ಸಲಕ್ಕೆ ಎದ್ದಳು. ನಮ್ಮೆಜಮಾನರು ಸ್ಟೇರಿಂಗ್ ಬಿಟ್ಟು ಚಪ್ಪಾಳೆ ಹೊಡೆದರು. ನಾನು ಆ ಖುಷಿಯಲ್ಲಿ ಕಾಫಿಗೆ ಸಕ್ಕರೆ ಎರಡು ಸಲ ಹಾಕಿದೆ. ಆಮೇಲೆ ಹೋದ ಹೋದ ಮದುವೆಯಲ್ಲೆಲ್ಲ ಚಲಪತಿಯದೇ ಮಾತು. ಮುಳಬಾಗಿಲಿನ ಛತ್ರದಲ್ಲಿ, ಮಾಸ್ತಿಯ ನಾಮಕರಣದಲ್ಲಿ, ಹೂವಿನವರಿಗೆ, ಶಾಮಿಯಾನದವರಿಗೆ, ಟೊಮೇಟೊ ಗಾಡಿಯವರಿಗೆ, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಅವನ ಹೆಸರನ್ನು ಊರಿಗೆಲ್ಲ ಸಾರಿದವಳೂ ನಾನೇ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಅದಕ್ಕೇ ಆಮೇಲೆ ನನ್ನ ಸುಳ್ಳನ್ನು ಜನ ಅಷ್ಟು ಬೇಗ ನಂಬಿದ್ದು.

ಹೆಸರು ಹರಡಿತು, ಶೆಡ್ಡಿನ ಮುಂದೆ ಸಾಲು ಬೆಳೆಯಿತು. ಮೊದಲು ಬಂದವರಿಗೆ ಮೊದಲು, ಎಂಥ ದೊಡ್ಡವರೇ ಆಗಲಿ. ಆ ದಿನ ನಮ್ಮದು ನಾಲ್ಕನೆಯ ಗಾಡಿ. ಮಾರನೆಯ ದಿನ ಮುಳಬಾಗಿಲಿನಲ್ಲಿ ದೊಡ್ಡ ಮದುವೆ, ಅಜ್ಜಿ ಕಪ್ಪು ಹೊಗೆ ಉಗುಳುತ್ತಾ ಏರು ಹತ್ತಲಾರೆ ಎನ್ನುತ್ತಿದ್ದಳು. ಮುಂದಿನ ಮೂರು ಗಾಡಿ ಮುಗಿದು ನಮ್ಮದು ಬರುವಷ್ಟರಲ್ಲಿ ನಾಳೆಯೇ ಆಗುತ್ತಿತ್ತು. ನಮ್ಮೆಜಮಾನರು ಶೆಡ್ಡಿನೊಳಗೆ ಹೋಗಿದ್ದರು, ಮರದ ಕೆಳಗೆ ಮೂವರೂ ಗಾಡಿಯವರು ಕೂತಿದ್ದರು. ಕೇಳಬಹುದಿತ್ತು — ಅಣ್ಣಾ, ನಾಳೆ ಮದುವೆ ಇದೆ, ನಮ್ಮದನ್ನು ಮುಂದಕ್ಕೆ ಬಿಡಿ ಎಂದು. ಒಂದು ಮಾತು. ಆದರೆ ನನ್ನ ಜಂಭ... ಈ ರತ್ನಮ್ಮ ಯಾರ ಮುಂದೆಯೂ ಕೈಚಾಚಿದವಳಲ್ಲ, ನೋಡಿ.

ಅದರ ಬದಲು ಪಕ್ಕದವನ ಕಡೆ ಬಗ್ಗಿ ಹೇಳಿದೆ: "ಪೇಪರಲ್ಲಿ ಸುತ್ತಿ ಕೊಡ್ತಾನಲ್ಲಪ್ಪಾ, ಅದು ನಿನ್ ಗಾಡೀದೇ ಅಂತ ಏನು ಗ್ಯಾರಂಟಿ? ಕೆಟ್ಟ ಸಾಮಾನು ಒಂದು ಡ್ರಮ್ ತುಂಬಾ ಇಟ್ಟವ್ನೆ ಒಳಗೆ. ಒಳ್ಳೇದು ಬಿಚ್ಕೊಂಡು ಅದನ್ನ ತೋರಿಸ್ತಾನೆ."

ಅವನ ಯಾವ ಕೆಲಸ ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿತ್ತೋ ಅದಕ್ಕೇ ನಾನು ಕೈ ಹಾಕಿದ್ದೆ. ಬೇರೆ ಏನು ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮೊದಲು ಒಬ್ಬ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ, ಏನೋ ನೆನಪಾಯಿತು ಎಂದು ಗಾಡಿ ತಿರುಗಿಸಿದ. ಹಿಂದೆಯೇ ಇನ್ನೊಬ್ಬ. ಮೂರನೆಯವನು ನಮಸ್ಕಾರ ಮಾಡಿಯೇ ಹೋದ. ಚಲಪತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಖಾಲಿ ರಸ್ತೆ ನೋಡಿದ. ಎಲ್ಲರೂ ಎಲ್ಲಿ ಎಂದು ಕೇಳಿದ. ಅವಸರ ಇತ್ತೇನೋಪ್ಪ ಎಂದೆ. ಸಂಜೆಗೆ ಅಜ್ಜಿ ಸಿದ್ಧ. ಮಾರನೆಯ ದಿನ ಮುಳಬಾಗಿಲಿನವರು ನನ್ನ ಹೋಳಿಗೆಯನ್ನು ಹೊಗಳಿದ್ದೇ ಹೊಗಳಿದ್ದು, ನಾನು ಉಬ್ಬಿದ್ದೇ ಉಬ್ಬಿದ್ದು.

ಎರಡು ತಿಂಗಳಾದ ಮೇಲೆ ಹೋದಾಗ ಸಾಲೇ ಇರಲಿಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ಆಡಿದವಳ ಹೆಸರು ಉದುರಿ, ಮಾತು ಮಾತ್ರ ಉಳಿದಿತ್ತು. ಅಬ್ಬಾ, ಎಂಥ ಅನುಕೂಲ ಎಂದುಕೊಂಡೆ — ಹೌದು, ಹಾಗೇ ಅಂದುಕೊಂಡೆ. ಚಲಪತಿ ಒಂದು ಸ್ಟೂಲು ಹಾಕಿ, "ಕೂಚೋಂಡಿ ಅಕ್ಕಾ" ಎಂದ. ಕೆಂಪು ಪೇಂಟಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ.

"ಬಿಚ್ಚೋಕೆ ಮುಂಚೆ ನಿಮ್ ಕೈಯಾರೆ ಒಂದು ಬೊಟ್ಟು ಇಡಿ ಅಕ್ಕ. ಬಿಚ್ಚಿದ್ ಮೇಲೆ ನಿಮ್ದೇ ಅಂತ ಗುರುತು ಸಿಗ್ತದೆ. ಯಾರೋ ಏನೋ ಅಂದವ್ರಂತೆ... ಇರಲಿ ಬಿಡಿ."

ಫಿಲ್ಟರಿನ ಮೇಲೆ ಬೊಟ್ಟು ಇಟ್ಟೆ. ಆ ಬಣ್ಣ ಮೂರು ದಿನ ಬೆರಳು ಬಿಡಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆಮೇಲೊಂದು ದಿನ ಶೆಡ್ಡಿಗೆ ಬೀಗ. ಕೋಲಾರದಲ್ಲಿ ಯಾರದೋ ಕೈಕೆಳಗೆ ಕೂಲಿಗೆ ಸೇರಿದ್ದಾನೆ ಎಂದರು. ಅವನ ಹೆಂಡತಿ ಮಂಡಿಯಲ್ಲಿ ಟೊಮೇಟೊ ಆರಿಸಲು ಹೋಗುತ್ತಿದ್ದಳು. ಒಂದು ದಿನ ತರಕಾರಿಗೆ ಹೋದಾಗ ಅವಳೇ ನನ್ನನ್ನು ನೋಡಿ ನಕ್ಕು, ಊಟ ಆಯ್ತಾ ಅಕ್ಕ ಎಂದು ಕೇಳಿದಳು. ನಾನು ತಲೆ ತಗ್ಗಿಸಿಕೊಂಡು ಬದನೆಕಾಯಿ ಆರಿಸಿದೆ. ಅದರಲ್ಲಿ ಅರ್ಧ ಹುಳುಕು.

ನನಗೂ ಶಾಸ್ತಿ ಆಯಿತು ಬಿಡಿ. ಆವನಿಯಲ್ಲಿ ಒಂದು ಮದುವೆ. ಹೊಸ ಮೆಕ್ಯಾನಿಕ್ ಮುಟ್ಟಿದ ಅಜ್ಜಿ ಊರು ಎರಡು ಮೈಲಿ ಇದೆ ಎನ್ನುವಾಗ ಕೂತುಬಿಟ್ಟಳು, ಏಳಲಿಲ್ಲ. ಹುರುಳಿ ಕಂತೆ ಸಾಗಿಸುತ್ತಿದ್ದ ಟ್ರ್ಯಾಕ್ಟರಿಗೆ ಕೊಪ್ಪರಿಗೆಗಳನ್ನು ಏರಿಸಿ, ಅದರ ಮೇಲೆ ನಾನು ಕೂತು, ಸೌಟು ಹಿಡಿದು ಊರೊಳಗೆ ಹೋದೆ. ಮಕ್ಕಳು ಹಿಂದೆ ಓಡಿಬಂದರು. ವಾಲಗದವರು ನನ್ನನ್ನು ಕಂಡು ಬಾರಿಸಲೂ ಶುರುಮಾಡಿದರು, ದರಿದ್ರದವರು! ಈಗ ನೆನೆದರೆ ನಗು ತಡೆಯಲಾಗುವುದಿಲ್ಲ. ಆದರೆ ಅವತ್ತು ಎಲೆ ಬಿದ್ದು ಒಂದು ಗಂಟೆಯಾದ ಮೇಲೆ ಅನ್ನ ಬಿತ್ತು, ಗಂಡಿನ ತಾಯಿಯ ಮುಖ ನೋಡಲಾರದೆ ನಾನು ಒಲೆಯ ಹಿಂದೆಯೇ ಇದ್ದುಬಿಟ್ಟೆ.

ಮಾರನೆಯ ದಿನವೇ ಕೋಲಾರಕ್ಕೆ ಬಸ್ಸು ಹತ್ತಿದೆ. ಹುಡುಕಿ ಹಿಡಿದು, ಬಾ ಚಲಪತಿ, ಶೆಡ್ಡು ತೆಗಿ, ನೀನಿಲ್ಲದೆ ಆಗಲ್ಲ ಎಂದೆ. ಅವನ ಕಣ್ಣು ತುಂಬಿತು. "ಇಷ್ಟು ಜನದಲ್ಲಿ ನೀವೊಬ್ರಾದ್ರೂ ನಂಬಿದ್ರಲ್ಲ ಅಕ್ಕ" ಎಂದ. ಆ ಮಾತನ್ನು ನಾನು ಸುಮ್ಮನೆ ಇಟ್ಟುಕೊಂಡೆ. ಮೊದಲನೆಯದು ಸುಳ್ಳಾದರೆ ಇದು ಕಳ್ಳತನ.

ಅವನು ಬಂದ. ಆ ಕೆಂಪು ಬೊಟ್ಟೇ ಅವನನ್ನು ಎತ್ತಿ ನಿಲ್ಲಿಸಿತು. ಗಾಡಿಯವರ ಕೈಯಲ್ಲೇ ಗುರುತು ಹಾಕಿಸಿ ಬಿಚ್ಚುತ್ತಾನಂತೆ ಎಂದು ಊರಿಂದೂರಿಗೆ ಸುದ್ದಿ ಹೋಯಿತು. ಈಗ ಗಡಿಯಾಚೆಯಿಂದ ಆಂಧ್ರದ ಗಾಡಿಗಳೂ ಬರುತ್ತವೆ. ಹೆಂಡತಿ ಮಂಡಿ ಬಿಟ್ಟು ಶೆಡ್ಡಿನ ಪಕ್ಕದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದಾಳೆ, ಗಂಡನಿಗಿಂತ ಜೋರು. ಒಳ್ಳೆಯದೇ ಆಯಿತಲ್ಲ ಎಂದು ನೀವು ಹೇಳಬಹುದು. ನಾನು ಹೇಳುವ ಹಾಗಿಲ್ಲ. ಆ ಬೊಟ್ಟು ಅವನು ಕಂಡುಕೊಂಡ ದಾರಿ; ನಾನು ಕೊಟ್ಟಿದ್ದು ಬೀಗ ಮಾತ್ರ. ಅದಕ್ಕಿಂತ ಕಷ್ಟದ್ದು ಇನ್ನೊಂದು — ಆವತ್ತಿನಿಂದ ಸಾಲಿನಲ್ಲಿ ಎಷ್ಟೇ ಗಾಡಿ ಇರಲಿ, ರತ್ನಕ್ಕನದು ಮೊದಲು ಬರಲಿ ಎಂದು ಕೂಗುತ್ತಿದ್ದ. ನಾನು ಸುಳ್ಳು ಹೇಳಿದ್ದೂ ಅದಕ್ಕೇ ಅಲ್ಲವೇ? ಅದು ಗೊತ್ತಿದ್ದೂ ಪ್ರತಿ ಸಲ ಮುಂದೆ ಹೋಗುತ್ತಿದ್ದೆ.

ಕಳೆದ ಆಯುಧಪೂಜೆಗೆ ಎರಡು ಸೇರು ರವೆಯ ಕೇಸರಿಭಾತು ಮಾಡಿಕೊಂಡು ಹೋದೆವು. ಶೆಡ್ಡಿನ ತುಂಬ ಚೆಂಡುಹೂವು, ಸ್ಪ್ಯಾನರುಗಳಿಗೆಲ್ಲ ವಿಭೂತಿ. ಮೊದಲ ಕುಂಕುಮ ರತ್ನಕ್ಕನ ಕೈಯಿಂದಲೇ ಆಗಬೇಕು, ಈ ಶೆಡ್ಡಿಗೆ ಎರಡನೇ ಸಲ ಜೀವ ಕೊಟ್ಟವರು ಅವರೇ ಎಂದು ಚಲಪತಿ ಎಲ್ಲರ ಮುಂದೆ ಹೇಳಿ ಬಟ್ಟಲು ಚಾಚಿದ. ಬೆರಳು ಅದ್ದಿದೆ. ಅದೇ ಬೆರಳು, ಅದೇ ಕೆಂಪು. ಇನ್ನು ಮುಚ್ಚಿಡಲು ಆಗಲಿಲ್ಲ.

"ಡ್ರಮ್ಮಿನ ಮಾತು ಆಡಿದ್ದು ನಾನೇ ಚಲಪತಿ."

ಅವನಿಗೆ ತಕ್ಷಣ ತಿಳಿಯಲಿಲ್ಲ. ನಾನೇ ಎಲ್ಲ ಹೇಳಿದೆ — ಬೇವಿನ ಮರ, ಮೂರು ಗಾಡಿ, ಮುಳಬಾಗಿಲಿನ ಮದುವೆ. ಅಂಗಡಿಯ ಬಾಗಿಲಲ್ಲಿ ಅವನ ಹೆಂಡತಿ ಹೂವು ಕಟ್ಟುವುದನ್ನು ನಿಲ್ಲಿಸಿದಳು. ನಮ್ಮೆಜಮಾನರು, ಪಾಪ, ಕೇಸರಿಭಾತಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ಅವರಿಗೂ ನಾನು ಇದನ್ನು ಹೇಳಿರಲಿಲ್ಲ. ಚಲಪತಿ ಆ ಬಟ್ಟಲನ್ನು ಸ್ಪ್ಯಾನರುಗಳ ಪಕ್ಕದಲ್ಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ:

"ಅವತ್ತು ನಿಮ್ ಗಾಡೀನೇ ಮೊದಲು ತಗೊಳೋಣ ಅಂತಿದ್ದೆ ಅಕ್ಕ. ನಾಳೆ ಮದುವೆ ಅಡುಗೆ ಅಂತ ನಂಜುಂಡಣ್ಣ ಹೇಳಿದ್ರು. ಆ ಮೂವರನ್ನ ಒಪ್ಪಿಸಾಣ ಅಂತಾನೇ ನಾನು ಆಚೆ ಬಂದಿದ್ದು."

ಕೇಸರಿಭಾತು ತಿಂದರು. ಅವನೂ ತಿಂದ, ಎರಡನೇ ಸಲ ಹಾಕಿಸಿಕೊಂಡೇ ತಿಂದ. ಸಕ್ಕರೆ ಸ್ವಲ್ಪ ಕಡಿಮೆ ಎಂದು ಅವನ ಹೆಂಡತಿ ಕೊಂಕು ಆಡಿದಳು. ಯಾರ ಕೈಲೂ ನಾನು ಅಷ್ಟು ಖುಷಿಯಿಂದ ಯಾವತ್ತೂ ಬೈಸಿಕೊಂಡಿರಲಿಲ್ಲ. ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದಕ್ಕೆ ನನಗೆ ಬಾಯಿಲ್ಲ.

ಈಗಲೂ ನಮ್ಮ ಅಜ್ಜಿಗೆ ಚಲಪತಿಯೇ ಡಾಕ್ಟರು. ಈಗಲೂ ಅವನು ಹಠ ಬಿಟ್ಟಿಲ್ಲ, ಮೊದಲು ನಿಮ್ಮದು ತನ್ನಿ ಅಕ್ಕ ಎಂದು ಒಳಗಿನಿಂದಲೇ ಕೂಗುತ್ತಾನೆ. ನಾವು ಹೋಗುವುದಿಲ್ಲ. ಮದುವೆ ಇದ್ದರೆ ಎರಡು ದಿನ ಮುಂಚೆಯೇ ಬಂದು ನಿಲ್ಲುತ್ತೇವೆ. ಸಾಲಿಗೆ ಹೊಸಬರು ಬಂದರೆ ನಾನು ಬೇವಿನ ಮರದ ಕೆಳಗೆ ಎಲೆ ಅಡಿಕೆ ಚೀಲ ಬಿಚ್ಚಿ ಅವರನ್ನು ಕೂರಿಸಿಕೊಳ್ಳುತ್ತೇನೆ. ಇಲ್ಲೇ ಕೂತು ಯಾರು ಯಾವ ಸುಳ್ಳು ಹೇಳಿದರು ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಆಮೇಲೆ ಅವರ ಗಾಡಿಯನ್ನು ಮುಂದಕ್ಕೆ ಬಿಟ್ಟು, ಅಜ್ಜಿಯನ್ನು ಇನ್ನೊಂದು ಗಾಡಿಯಷ್ಟು ಹಿಂದಕ್ಕೆ ತೆಗೆಸುತ್ತೇನೆ.